ವಿಂಡೋಸ್ ಕೀ, ಆರ್, ಕಂಟ್ರೋಲ್ ವಿ: ಒತ್ತುವ ಮುಂಚೆ ಇದನ್ನು ಓದಿ

ನಮ್ಮ ಬೀದಿಯಲ್ಲಿ ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಂಡ್ ಪೇಪರ್ ಟೈಪಿಂಗ್, ಲ್ಯಾಮಿನೇಷನ್, ಜೆರಾಕ್ಸ್, ಎಲ್ಲ ಅಲ್ಲೇ. ಕಂಪ್ಯೂಟರ್ ಕೈಕೊಟ್ಟಾಗ ಅಂಗಡಿಯಣ್ಣ ಫೋನ್ ಮಾಡುವುದು ನನಗೆ. ಒಂದು ದಿನ ಬೆಳಗ್ಗೆ ಕಾಫಿ ಕುಡಿಯುವ ಮೊದಲೇ ಫೋನ್ ಬಂತು. "ಮಾರಾಯ, ಮೇಲ್ ಓಪನ್ ಆಗ್ತಾ ಇಲ್ಲ. ಫೇಸ್‌ಬುಕ್ಕಲ್ಲಿ ನನ್ನ ಹೆಸರಲ್ಲಿ ಯಾರೋ ಎಲ್ರ ಹತ್ರ ದುಡ್ಡು ಕೇಳ್ತಾ ಇದ್ದಾನೆ. ದೇವರಾಣೆ, ನಾನು ಯಾರಿಗೂ ಓಟಿಪಿ ಹೇಳಿಲ್ಲ."

ನಿಜಕ್ಕೂ ಹೇಳಿರಲಿಲ್ಲ. ಅದಕ್ಕೇ ಈ ಕಥೆಯಿಂದ ಶುರು ಮಾಡುತ್ತಿದ್ದೇನೆ. ಓಟಿಪಿ ಹೇಳಬೇಡಿ, ಪಿನ್ ಹೇಳಬೇಡಿ ಅನ್ನುವುದು ಈಗ ಎಲ್ಲರಿಗೂ ಬಾಯಿಪಾಠ. ಕಾಲರ್ ಟ್ಯೂನ್‌ನಲ್ಲಿ ಕೇಳಿ ಕೇಳಿ ಸಾಕಾಗಿದೆ. ಆದರೆ ಕಂಪ್ಯೂಟರ್ ಮುಂದೆ ಕೂತವರು ಓಟಿಪಿಯನ್ನು ಯಾರಿಗೂ ಕೊಡದೆಯೂ ಎಲ್ಲ ಕಳೆದುಕೊಳ್ಳಬಹುದು. ಹೇಗೆ ಅಂತ ಗೊತ್ತಿದ್ದರೆ ತಪ್ಪಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

ಆದದ್ದು ಇಷ್ಟು. ಹಿಂದಿನ ರಾತ್ರಿ ಅಣ್ಣ ಪತ್ರಿಕೆಗೆ ಒಂದು ಬಾರ್ಡರ್ ಡಿಸೈನ್ ಹುಡುಕುತ್ತಾ ಯಾವುದೋ ಸೈಟಿಗೆ ಹೋಗಿದ್ದರು. ಅಲ್ಲಿ "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಅನ್ನುವ ಚೌಕ ಬಂತು, ಟಿಕ್ ಮಾಡಿದರು. ಆಮೇಲೆ ಮೂರು ಹೆಜ್ಜೆ ಬಂದವು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಕಂಟ್ರೋಲ್ ವಿ ಒತ್ತಿ. ಎಂಟರ್ ಒತ್ತಿ. ಒತ್ತಿದರು. ಏನೂ ಆಗಲಿಲ್ಲ, ಡಿಸೈನೂ ಸಿಗಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋದರು.

ಅಸಲಿಗೆ ಅಲ್ಲಿ ಎಲ್ಲವೂ ಆಗಿತ್ತು. ಟಿಕ್ ಮಾಡಿದ ಕ್ಷಣದಲ್ಲೇ ಆ ಪುಟ ಸದ್ದಿಲ್ಲದೆ ಒಂದು ಆಜ್ಞೆಯನ್ನು ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಆಗುವ ತನಕ ಕೂರುವ ಜಾಗಕ್ಕೆ, ಕಾಪಿ ಮಾಡಿರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ತೆರೆಯುವುದು ರನ್ ಪೆಟ್ಟಿಗೆ, ಅಂದರೆ ಕಂಪ್ಯೂಟರ್‌ಗೆ ನೇರವಾಗಿ ಕೆಲಸ ಹೇಳುವ ಜಾಗ. ಕಂಟ್ರೋಲ್ ವಿ ಒತ್ತಿದಾಗ ಕಳ್ಳನ ಆಜ್ಞೆ ಅಲ್ಲಿ ಬಂದು ಕೂರುತ್ತದೆ. ಎಂಟರ್ ಒತ್ತುವುದು ನೀವು. ಕಂಪ್ಯೂಟರ್‌ಗೆ ಇದು ಯಜಮಾನನೇ ಹೇಳಿದ ಕೆಲಸ, ಅದು ಯಾಕೆ ಬೇಡ ಅನ್ನುತ್ತದೆ? ಆಜ್ಞೆಯ ಪ್ರಕಾರ ಒಂದು ಕಳ್ಳ ಪ್ರೋಗ್ರಾಂ ಇಳಿಯುತ್ತದೆ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಗಂಟು ಕಟ್ಟಿ ಕಳಿಸಿಬಿಡುತ್ತದೆ. ಸೆಕ್ಯೂರಿಟಿ ಕ್ಷೇತ್ರದವರು ಈ ತಂತ್ರಕ್ಕೆ ಕ್ಲಿಕ್‌ಫಿಕ್ಸ್ ಅನ್ನುತ್ತಾರೆ. 2024ರಿಂದ ಜೋರಾಗಿ ಹರಡಿದೆ.

ಕುಕಿ ಅಂದರೇನು? ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡುತ್ತಾರಲ್ಲ, ಅದು. ವಾಪಸ್ ಬಂದಾಗ ಟೋಕನ್ ತೋರಿಸಿದರೆ ಚಪ್ಪಲಿ ಕೊಡುತ್ತಾರೆ, ನಿಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ. ನೀವು ಒಮ್ಮೆ ಪಾಸ್‌ವರ್ಡ್, ಓಟಿಪಿ ಎಲ್ಲ ಹಾಕಿ ಜಿಮೇಲ್ ಒಳಗೆ ಹೋದಾಗ ಅದು ಬ್ರೌಸರ್‌ಗೆ ಇಂಥದ್ದೇ ಒಂದು ಟೋಕನ್ ಕೊಡುತ್ತದೆ, ಮುಂದಿನ ಸಲ ಬರೀ ಟೋಕನ್ ನೋಡಿ ಒಳಗೆ ಬಿಡುತ್ತದೆ. ಕಳ್ಳ ಅದನ್ನೇ ಎತ್ತಿಕೊಂಡು ಹೋದರೆ ಓಟಿಪಿಯ ಪ್ರಶ್ನೆಯೇ ಬರುವುದಿಲ್ಲ. ಅಣ್ಣನಿಗೆ ಆಗಿದ್ದು ಇದೇ.

ಹಾಗಾಗಿ ಒಂದು ಮಾತು ನೆನಪಿಡಿ. ನೀವು ಮನುಷ್ಯರೇ ಅಂತ ಪರೀಕ್ಷೆ ಮಾಡುವ ಯಾವ ಸೈಟೂ ಬ್ರೌಸರ್‌ನಿಂದ ಹೊರಗೆ ಬಂದು ಕೀ ಒತ್ತಲು ಹೇಳುವುದಿಲ್ಲ. ಬಸ್ ಇರುವ ಚೌಕ ಆರಿಸಿ, ಸಿಗ್ನಲ್ ದೀಪ ಆರಿಸಿ ಅನ್ನಬಹುದು, ಅಷ್ಟೇ. ಮ್ಯಾಕ್ ಇರುವವರೂ ಬೀಗಬೇಡಿ, ಅಲ್ಲಿ ಇದೇ ನಾಟಕ ಟರ್ಮಿನಲ್ ಹೆಸರಿನಲ್ಲಿ ನಡೆಯುತ್ತದೆ.

ಒತ್ತಿಬಿಟ್ಟಿದ್ದರೆ?

ಮೊದಲು ನೆಟ್ ಕಿತ್ತುಹಾಕಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಎಳೆಯಿರಿ. ಗಾಬರಿಯಲ್ಲಿ ಅದೇ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಲು ಕೂರಬೇಡಿ, ಹೊಸ ಪಾಸ್‌ವರ್ಡೂ ಕಳ್ಳನ ಕೈಗೇ ಹೋಗುತ್ತದೆ. ಫೋನಿನಿಂದ ಅಥವಾ ಬೇರೆ ಕಂಪ್ಯೂಟರ್‌ನಿಂದ ಗೂಗಲ್ ಖಾತೆಯ ಸೆಕ್ಯೂರಿಟಿ ಪುಟಕ್ಕೆ ಹೋಗಿ. ಅಲ್ಲಿ ನಿಮ್ಮ ಖಾತೆ ಯಾವ ಯಾವ ಸಾಧನದಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೂ, ಆ ಸೋಂಕು ತಗಲಿದ ಕಂಪ್ಯೂಟರನ್ನೂ ಸೈನ್ ಔಟ್ ಮಾಡಿ. ಟೋಕನ್ ರದ್ದಾಯಿತು. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ಮೊದಲು ಮೇಲ್, ನಂತರ ಬ್ಯಾಂಕು, ನಂತರ ಉಳಿದದ್ದು. ಮೇಲ್‌ನಲ್ಲಿ ಫಾರ್ವರ್ಡಿಂಗ್ ಸೆಟ್ಟಿಂಗ್ ಒಮ್ಮೆ ನೋಡಿ. ನಿಮಗೆ ಬರುವ ಮೇಲ್‌ನ ನಕಲು ತನಗೂ ಬರುವ ಹಾಗೆ ಕಳ್ಳ ಅಲ್ಲಿ ತನ್ನ ವಿಳಾಸ ಹಾಕಿ ಹೋಗಿರಬಹುದು. ಇದನ್ನು ತುಂಬಾ ಜನ ನೋಡುವುದೇ ಇಲ್ಲ.

ಕಂಪ್ಯೂಟರ್? ಆಂಟಿವೈರಸ್ ಓಡಿಸಿ "ಎಲ್ಲ ಕ್ಲೀನ್" ಅಂತ ಬಂದರೂ ನಾನು ನಂಬುವುದಿಲ್ಲ. ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದು ವಿಂಡೋಸನ್ನು ಹೊಸದಾಗಿ ಹಾಕಿದೆವು. ಅಣ್ಣನಿಗೆ ಒಂದೂವರೆ ದಿನ ಅಂಗಡಿ ನಿಂತಿತು, ಅದೂ ಮದುವೆ ಸೀಸನ್‌ನಲ್ಲಿ.

ಮೇಲ್‌ಗೆ ಗಟ್ಟಿ ಬೀಗ

ಬೇರೆ ಎಲ್ಲ ಬಿಟ್ಟು ಈ ವಾರ ಒಂದೇ ಒಂದು ಕೆಲಸ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ. ಯಾವ ಸೈಟಿಗೆ ಹೋದರೂ "ಪಾಸ್‌ವರ್ಡ್ ಮರೆತಿದ್ದೀರಾ" ಒತ್ತಿದರೆ ಹೊಸ ಪಾಸ್‌ವರ್ಡ್‌ನ ಲಿಂಕ್ ಎಲ್ಲಿಗೆ ಬರುತ್ತದೆ? ಮೇಲ್‌ಗೆ. ಮೇಲ್ ಸಿಕ್ಕಿದವನಿಗೆ ಉಳಿದ ಬೀಗದ ಕೈಗಳೆಲ್ಲ ಸಿಕ್ಕ ಹಾಗೆ. ಆದ್ದರಿಂದ ಮೇಲ್‌ನ ಪಾಸ್‌ವರ್ಡ್ ಇನ್ನೆಲ್ಲೂ ಬಳಸದ, ಉದ್ದನೆಯದಾಗಿರಲಿ.

ನಾನು ರಿಪೇರಿಗೆ ಹೋದ ಮನೆಗಳಲ್ಲಿ ನೋಡಿರುವ ಪಾಸ್‌ವರ್ಡ್‌ಗಳು ಮೂರೇ ತರಹ. ಮನೆದೇವರ ಹೆಸರಿನ ಮುಂದೆ 123. ಮಗುವಿನ ಹೆಸರು ಮತ್ತು ಹುಟ್ಟಿದ ಇಸವಿ. ಇಲ್ಲವೇ ಸ್ವಂತ ಮೊಬೈಲ್ ನಂಬರ್. ಅದೇ ಒಂದನ್ನು ಹತ್ತು ಕಡೆ ಹಾಕಿರುತ್ತಾರೆ. ಎಲ್ಲೋ ಒಂದು ಶಾಪಿಂಗ್ ಸೈಟಿನಿಂದ ಪಟ್ಟಿ ಸೋರಿದರೆ ಕಳ್ಳರು ಅದೇ ಮೇಲ್, ಅದೇ ಪಾಸ್‌ವರ್ಡ್ ಹಿಡಿದು ಉಳಿದ ಸೈಟುಗಳ ಬಾಗಿಲನ್ನೆಲ್ಲ ತಟ್ಟಿ ನೋಡುತ್ತಾರೆ. ತಟ್ಟುವುದು ಮನುಷ್ಯರಲ್ಲ, ಪ್ರೋಗ್ರಾಂ. ಅದಕ್ಕೆ ಸುಸ್ತಾಗುವುದಿಲ್ಲ. ನಿಮ್ಮ ಮೇಲ್ ವಿಳಾಸ ಇಂಥ ಸೋರಿಕೆಗಳಲ್ಲಿ ಇದೆಯಾ ಅಂತ "ಹ್ಯಾವ್ ಐ ಬೀನ್ ಪ್ವೋನ್ಡ್" (haveibeenpwned.com) ಎಂಬ ಸೈಟಿನಲ್ಲಿ ನೋಡಬಹುದು. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಸೈಟ್ ಅದು, ಪುಕ್ಕಟೆ. ನನ್ನ ಹಳೆಯ ವಿಳಾಸವೂ ಅಲ್ಲಿ ಸಿಕ್ಕಿತು. ಬೇಜಾರಾಯಿತು, ಆದರೆ ಆಶ್ಚರ್ಯ ಆಗಲಿಲ್ಲ.

ನಮಗೆ ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹಲಸು, ತೊಟ್ಟಿಲು, ಜೀರುಂಡೆ, ಇಸ್ತ್ರಿ, ಈ ತರಹ. ಇದನ್ನೇ ಹಾಕಬೇಡಿ ಮತ್ತೆ! ಗಾದೆ ಬೇಡ, ಹಾಡಿನ ಸಾಲು ಬೇಡ. ಪದಗಳು ಅಡ್ಡಾದಿಡ್ಡಿಯಾಗಿದ್ದಷ್ಟೂ ಒಳ್ಳೆಯದು.

ಎಲ್ಲ ಸೈಟಿಗೂ ಬೇರೆ ಬೇರೆ ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗದು. ಅವನ್ನೆಲ್ಲ ಒಂದೇ ಬೀಗದಡಿ ನೆನಪಿಡುವ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳಿ. ಅಪ್ಪ ಅಮ್ಮನಿಗೆ ಅದು ತಲೆನೋವಾದರೆ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಡಲಿ. ಬರೆದಿಡಲೇಬಾರದು ಅನ್ನುವ ಹಳೆಯ ಬುದ್ಧಿವಾದ ನನಗೆ ಒಪ್ಪಿಗೆಯಿಲ್ಲ. ಎಲ್ಲೋ ದೂರದೇಶದಲ್ಲಿ ಕೂತ ಕಳ್ಳನಿಗೆ ನಿಮ್ಮ ಬೀರು ತೆರೆಯಲು ಬರುವುದಿಲ್ಲ. ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಅದರಲ್ಲಿ ಬೇಡ.

ಜೊತೆಗೆ, ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿ, ಟೂ ಸ್ಟೆಪ್ ವೆರಿಫಿಕೇಷನ್ ಅಂತ ಇರುತ್ತದೆ. ಎಸ್‌ಎಂಎಸ್‌ಗಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು, ಆದರೆ ಏನೂ ಇಲ್ಲದೆ ಇರುವುದಕ್ಕಿಂತ ಎಸ್‌ಎಂಎಸ್ ಎಷ್ಟೋ ಮೇಲು. ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿಯದ್ದು. ಪ್ರಿಂಟ್ ತೆಗೆದು ಪಾಸ್‌ಬುಕ್ ಜೊತೆ ಇಡಿ, ಫೋನ್ ಕಳೆದ ದಿನ ಅದೇ ಗತಿ. ಹಾಗೆಯೇ ಖಾತೆಯಲ್ಲಿ ಯಾವ ಮೊಬೈಲ್ ನಂಬರ್ ಇದೆ ನೋಡಿ. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಿಮ್ ನಂಬರ್ ಇನ್ನೂ ಅಲ್ಲೇ ಇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಆ ನಂಬರ್ ಕೆಲವು ತಿಂಗಳಲ್ಲಿ ಇನ್ಯಾರಿಗೋ ಹೋಗುತ್ತದೆ, ನಿಮ್ಮ ಓಟಿಪಿ ಅವರಿಗೆ ಬರುತ್ತದೆ.

ಫೈಲಿನ ಬಾಲ ನೋಡಿ

ವಿಂಡೋಸ್ ಮಾಮೂಲಿಯಾಗಿ ಫೈಲಿನ ಹೆಸರಿನ ಕೊನೆಯ ತುಂಡನ್ನು ಮುಚ್ಚಿಡುತ್ತದೆ. ಇದು ನನ್ನ ಪ್ರಕಾರ ಮೈಕ್ರೋಸಾಫ್ಟ್‌ನ ಕೆಟ್ಟ ತೀರ್ಮಾನಗಳಲ್ಲೊಂದು. "ಬಿಲ್ ಡಾಟ್ ಪಿಡಿಎಫ್" ಅಂತ ಕಾಣುವುದು ನಿಜದಲ್ಲಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ" ಆಗಿರಬಹುದು, ಅಂದರೆ ಪಿಡಿಎಫ್ ವೇಷ ಹಾಕಿದ ಪ್ರೋಗ್ರಾಂ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ಮೇಲಿನ ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ. ಅರ್ಧ ನಿಮಿಷದ ಕೆಲಸ, ಈಗಲೇ ಮಾಡಿ ಬನ್ನಿ.

ಫೋನಿನಲ್ಲಿ ಇದರ ತಮ್ಮ ಇದ್ದಾನೆ, ಎಪಿಕೆ ಅಂತ, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ, ಗಾಡಿಯ ದಂಡದ ಚಲನ್ ಅಂತ, ಪಿಎಂ ಕಿಸಾನ್ ಅಂತ ಬರುತ್ತದೆ. ಕರೆಯೋಲೆ ಅಂದರೆ ಫೋಟೋ, ಪಿಡಿಎಫ್ ಅಥವಾ ವಿಡಿಯೋ ಆಗಿರಬೇಕು. ಇನ್‌ಸ್ಟಾಲ್ ಮಾಡಿಕೊಂಡು ನೋಡಬೇಕಾದ ಮದುವೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹಾಕಿಕೊಂಡರೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಆಮೇಲೆ ನಿಮ್ಮ ಓಟಿಪಿಗಳನ್ನು ತಾನೇ ಓದಿ ಕಳಿಸುತ್ತದೆ. ಪರಿಚಯದವರ ನಂಬರಿನಿಂದ ಬಂದಿದೆ ಅಂತ ನಂಬಬೇಡಿ, ಅವರ ಫೋನ್ ಆಗಲೇ ಕಳ್ಳನ ಕೈಯಲ್ಲಿರಬಹುದು. ದಂಡ ಇದೆಯೋ ಇಲ್ಲವೋ ತಿಳಿಯಲು ಸರ್ಕಾರದ ಪರಿವಾಹನ್ ಸೈಟಿಗೆ ನೀವಾಗಿಯೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಇನ್ನು ಕ್ರ್ಯಾಕ್, ಅಂದರೆ ದುಡ್ಡು ಕೊಡಬೇಕಾದ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸುವ ಕಳ್ಳದಾರಿ. ಇಲ್ಲಿ ನಾನೇನೂ ಸಾಚಾ ಅಲ್ಲ. ಕಾಲೇಜಿನಲ್ಲಿದ್ದಾಗ ಒಂದು ಫೋಟೋ ಸಾಫ್ಟ್‌ವೇರ್‌ನ ಕ್ರ್ಯಾಕ್ ಇಳಿಸಿದೆ. "ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಅಂತ ಅದರ ಜೊತೆಗೇ ಬರೆದಿತ್ತು, ನಾನು ಹಾಗೇ ಮಾಡಿದೆ. ಕಳ್ಳನೇ ನಾಯಿ ಕಟ್ಟಿಹಾಕು ಅಂದಾಗ ಕಟ್ಟಿಹಾಕಿದ ಹಾಗೆ. ಮೂರು ದಿನದ ನಂತರ ಅಕ್ಕನ ಮದುವೆಯ ಫೋಟೋಗಳೆಲ್ಲ ತೆರೆಯಲಾಗದ ಫೈಲುಗಳಾಗಿದ್ದವು, ಪಕ್ಕದಲ್ಲಿ ದುಡ್ಡು ಕೇಳುವ ಒಂದು ಚೀಟಿ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಅಂದಿನಿಂದ ನನ್ನ ಪದ್ಧತಿ ಇದು: ಮುಖ್ಯವಾದದ್ದರ ಒಂದು ನಕಲು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ, ಕಾಪಿ ಆದ ಮೇಲೆ ಆ ಡಿಸ್ಕನ್ನು ಕಿತ್ತು ಕಪಾಟಿಗೆ ಇಡುತ್ತೇನೆ. ಸದಾ ಚುಚ್ಚಿಕೊಂಡೇ ಇದ್ದರೆ ವೈರಸ್ ಅದನ್ನೂ ಬಿಡುವುದಿಲ್ಲ.

ಅಪ್‌ಡೇಟ್ ವಿಷಯ ಜಾಸ್ತಿ ಎಳೆಯುವುದಿಲ್ಲ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಶುರುವಾಗಿ ಸುಮಾರು 150 ದೇಶಗಳಿಗೆ ಹರಡಿತು, ಬ್ರಿಟನ್ನಿನ ಎಷ್ಟೋ ಸರ್ಕಾರಿ ಆಸ್ಪತ್ರೆಗಳೇ ಕೆಲಸ ನಿಲ್ಲಿಸಬೇಕಾಯಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. "ರಿಮೈಂಡ್ ಮಿ ಲೇಟರ್" ಒತ್ತಿದವರಿಗೆ ಬಿತ್ತು ಏಟು. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಕಂಪ್ಯೂಟರ್ ವಿಂಡೋಸ್ 11 ತೆಗೆದುಕೊಳ್ಳದಷ್ಟು ಹಳೆಯದಾದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿ, ಅದರಲ್ಲೂ ಕನ್ನಡದ ಕಗಪ ಕೀಲಿಮಣೆ ಸಿಗುತ್ತದೆ. ಹಳೆಯ ಫಾಂಟಿಗೋ ಪೇಜ್‌ಮೇಕರ್‌ಗೋ ಹಳೆಯ ವಿಂಡೋಸ್ ಬೇಕೇ ಬೇಕು ಅನ್ನುವ ಡಿಟಿಪಿಯವರು ಆ ಯಂತ್ರಕ್ಕೆ ನೆಟ್ ಕೊಡಬೇಡಿ, ಅಷ್ಟೇ. ಆಂಟಿವೈರಸ್‌ಗೆ ದುಡ್ಡು ಕೊಡಬೇಕಾ ಅಂತ ಕೇಳುತ್ತಾರೆ. ಮನೆ ಬಳಕೆಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು.

ಜೆರಾಕ್ಸ್ ಅಂಗಡಿ ಎಂಬ ಖಜಾನೆ

ಅಣ್ಣನ ಕಂಪ್ಯೂಟರ್ ಸರಿ ಮಾಡುವಾಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಅರ್ಧ ಊರಿನ ಆಧಾರ್ ಕಾರ್ಡ್ ಅಲ್ಲಿತ್ತು. ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಮಾರ್ಕ್ಸ್ ಕಾರ್ಡ್, ಎಲ್ಲ. ಅಣ್ಣ ಒಳ್ಳೆಯ ಮನುಷ್ಯ, ಆದರೆ ಆ ಕಳ್ಳ ಪ್ರೋಗ್ರಾಂಗೆ ಅದೆಲ್ಲ ಗೊತ್ತಿಲ್ಲ ನೋಡಿ.

ಪ್ರಿಂಟ್ ಆದ ಮೇಲೆ "ಫೈಲ್ ಡಿಲೀಟ್ ಮಾಡಿ ಅಣ್ಣ, ರಿಸೈಕಲ್ ಬಿನ್‌ನಿಂದಲೂ" ಅಂತ ಕೇಳಿ ನಿಲ್ಲಿ. ನಾಚಿಕೆ ಬೇಡ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅಂತ ಇದೆ, ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಸೈಟಿನಿಂದ ಅದನ್ನು ಇಳಿಸಿಕೊಂಡು ನಡೆಯುವ ಕಡೆಯೆಲ್ಲ ಕೊಡಿ. ಅಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಹೊರಡುವ ಮುಂಚೆ ಲಾಗೌಟ್ ಮಾಡಿ. ಮರೆತಿರಬಹುದು ಅನ್ನಿಸಿದರೆ ಫೋನಿನಲ್ಲಿ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ನೋಡಿ, ಗುರುತಿಲ್ಲದ ಕಂಪ್ಯೂಟರ್ ಕಂಡರೆ ಕಿತ್ತುಹಾಕಿ. ಪೆನ್‌ಡ್ರೈವ್ ಚುಚ್ಚಿ ತಂದರೆ ಮನೆಯಲ್ಲಿ ತೆರೆಯುವ ಮುಂಚೆ ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದರೆ ಒತ್ತಬೇಡಿ, ಒತ್ತಿದರೆ ವೈರಸ್ ನಿಮ್ಮ ಮನೆಗೆ ಗೃಹಪ್ರವೇಶ ಮಾಡುತ್ತದೆ.

ಇನ್ನೊಂದು ಆಧಾರ್ ಮಾತು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚು ಬಳಸಿ ದುಡ್ಡು ತೆಗೆದ ದೂರುಗಳು ಬಂದವು. ಅದಕ್ಕೂ ಓಟಿಪಿ ಬೇಕಿರಲಿಲ್ಲ. ಯುಐಡಿಎಐ ಆ್ಯಪ್ ಅಥವಾ ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಬಹುದು. ಹೆಬ್ಬೆಟ್ಟು ಒತ್ತುವ ಕೆಲಸ ಬಂದಾಗ ತೆಗೆದು, ಆಮೇಲೆ ಮತ್ತೆ ಹಾಕಿ.

ಹೆದರಿಸುವ ಪರದೆ, ಹೆದರಿಸುವ ಫೋನು

ಸಿನಿಮಾ ಹುಡುಕುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪಾಗಿ "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದು ಕೂಗಲು ಶುರು ಮಾಡಿದರೆ, ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಇಲ್ಲವೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಮೂಲೆಯಲ್ಲಿ ಪದೇ ಪದೇ "ವೈರಸ್ ಇದೆ" ಅಂತ ಚೀಟಿ ಮೂಡುತ್ತಿದ್ದರೆ ಯಾವುದೋ ಸೈಟಿಗೆ ನೀವು ನೋಟಿಫಿಕೇಷನ್ ಅಲೋ ಕೊಟ್ಟಿದ್ದೀರಿ ಅಂತ ಅರ್ಥ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಹುಡುಕಿ ಆ ಸೈಟನ್ನು ತೆಗೆಯಿರಿ.

ಫೋನಿನ ವಂಚನೆಗಳು ನಿಮಗೆ ಗೊತ್ತಿರುವುದೇ, ಬೇಗ ಹೇಳುತ್ತೇನೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು, ಪಡೆಯಲು ಅಲ್ಲ. ಕಸ್ಟಮರ್ ಕೇರ್ ನಂಬರನ್ನು ಸುಮ್ನೆ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಮಾಡಬೇಡಿ, ಕಾರ್ಡಿನ ಹಿಂದೆ ಇರುವ ನಂಬರಿಗೆ ಮಾಡಿ. ಎನಿಡೆಸ್ಕ್ ಥರದ ಪರದೆ ಹಂಚುವ ಆ್ಯಪ್ ಹಾಕಿ ಅಂದರೆ ಅಲ್ಲಿಗೇ ಫೋನ್ ಇಡಿ.

ಲಿಂಕಿನ ವಿಳಾಸ ಓದುವುದನ್ನು ಮಾತ್ರ ಕಲಿತುಕೊಳ್ಳಿ. ಟಪಾಲಿನ ವಿಳಾಸದಲ್ಲಿ ಊರು ಕೊನೆಯಲ್ಲಿ ಇರುತ್ತದಲ್ವಾ, ಇಲ್ಲೂ ಹಾಗೆಯೇ. ಮೊದಲ ಒಂಟಿ ಓರೆಗೆರೆ (/) ಬರುವುದಕ್ಕೆ ಸ್ವಲ್ಪ ಮುಂಚೆ ಏನಿದೆ ಅದೇ ಊರು. ಶುರುವಿನಲ್ಲಿ ಬ್ಯಾಂಕಿನ ಹೆಸರಿದ್ದು ಕೊನೆಯಲ್ಲಿ "ಡಾಟ್ ಎಕ್ಸ್‌ವೈಜೆಡ್" ಅಂತಿದ್ದರೆ ಊರೇ ಬೇರೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಇದು ಒಳ್ಳೆಯ ಗುರುತು. ಬೀಗದ ಚಿತ್ರ ಇದ್ದ ಮಾತ್ರಕ್ಕೆ ಸೈಟ್ ಅಸಲಿ ಅಲ್ಲ. ಕಳ್ಳನ ಸೈಟಿಗೂ ಬೀಗ ಸಿಗುತ್ತದೆ, ಕ್ರೋಮ್‌ನವರು 2023ರಲ್ಲಿ ಆ ಚಿತ್ರವನ್ನೇ ತೆಗೆದರು.

ದುಡ್ಡು ಹೋಗಿದ್ದರೆ

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರು ಬೈಯುತ್ತಾರೆ ಅಂತ ಯೋಚಿಸುತ್ತಾ ಕೂರಬೇಡಿ. ಕದ್ದ ದುಡ್ಡು ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೊನೆಗೆ ಎಟಿಎಂನಿಂದ ನೋಟಾಗಿ ಹೊರಬರುತ್ತದೆ. ಅಷ್ಟರೊಳಗೆ ಸಿಕ್ಕರೆ ಮಾತ್ರ ಬ್ಯಾಂಕಿನವರು ತಡೆಹಿಡಿಯಬಹುದು. ಖಾತೆ ನಂಬರ್, ಎಷ್ಟು ದುಡ್ಡು, ಯಾವಾಗ ಹೋಯಿತು, ಯುಪಿಐ ಆದರೆ ಆ 12 ಅಂಕಿಯ ವ್ಯವಹಾರ ಸಂಖ್ಯೆ, ಇವನ್ನು ಎದುರಿಗೆ ಇಟ್ಟುಕೊಂಡು ಮಾತಾಡಿ. ಜೊತೆಗೇ ಬ್ಯಾಂಕಿಗೂ ತಿಳಿಸಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ, ಬೇಕಾದರೆ ಅಲ್ಲಿಗೂ ಹೋಗಬಹುದು. ಮೆಸೇಜು, ಸ್ಕ್ರೀನ್‌ಶಾಟು ಯಾವುದನ್ನೂ ಅಳಿಸಬೇಡಿ.

ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದ್ದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಪಿನ್ ನೀವೇ ಹೇಳಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅಂದರೆ ತಪ್ಪು ನಿಮ್ಮದಾದರೂ ಬೇಗ ಹೇಳಿದರೆ ಲಾಭವೇ.

ದೂರು ಕೊಟ್ಟವರನ್ನು ಹುಡುಕಿಕೊಂಡು ಎರಡನೇ ಕಳ್ಳ ಬರುತ್ತಾನೆ, ಇದೊಂದು ಗೊತ್ತಿರಲಿ. ಅಣ್ಣನ ಫೇಸ್‌ಬುಕ್ ಮೆಸೇಜ್ ನಂಬಿ ಅವರ ಭಾವ 4,000 ರೂಪಾಯಿ ಕಳಿಸಿದ್ದರು. ದೂರು ಕೊಟ್ಟು ಮೂರು ವಾರ ಆಗಿತ್ತು. ನಾನು ಅಂಗಡಿಯಲ್ಲೇ ಇದ್ದೆ, ಫೋನ್ ಬಂತು. ಸೈಬರ್ ಇಲಾಖೆಯವರಂತೆ, ಹಣ ಸಿಕ್ಕಿದೆಯಂತೆ, ಬಿಡುಗಡೆಗೆ 900 ರೂಪಾಯಿ ಫೀಸು ಕಟ್ಟಬೇಕಂತೆ. ಅಣ್ಣ ಕತ್ತರಿಸುತ್ತಿದ್ದ ಲ್ಯಾಮಿನೇಷನ್ ಹಾಳೆ ಕೆಳಗಿಟ್ಟು ಬಹಳ ಮರ್ಯಾದೆಯಿಂದ ಹೇಳಿದರು: "ಅದಕ್ಕೇನಂತೆ ಸಾರ್, ಫೀಸು ಆ ನಾಲ್ಕು ಸಾವಿರದಲ್ಲೇ ಹಿಡ್ಕೊಂಡು, ಉಳಿದ ಮೂರು ಸಾವಿರದ ನೂರು ಕಳಿಸಿಬಿಡಿ."

ಆ ಕಡೆಯಿಂದ ಫೋನ್ ಕಟ್ಟಾಯಿತು.